ಗೀಟು ಅಳಿಸಿದ ಚಳಿಗಾಲ

ಎವರೆಟ್ ಪಾಮರ್ಲೋ ಹೆಂಡತಿಯನ್ನು ಮಣ್ಣು ಮಾಡಿದ ಮಾರನೆಯ ದಿನವೇ ಕೆಲಸಕ್ಕೆ ಬಂದ. ಕೋಟು ತೆಗೆದು ಮೊಳೆಗೆ ನೇತುಹಾಕಿದ, ಕಾಫಿ ಬಗ್ಗಿಸಿಕೊಂಡ, ಹಿಂದಿನ ಕೋಣೆಗೆ ಹೋಗಿ ತನ್ನ ಯಂತ್ರದ ಮುಂದೆ ಕೂತ. ಲಾರಿಯ ಕೀ ತೆಗೆದುಕೊಳ್ಳಲು ಬಂದ ನಾನು ಅವನನ್ನು ನೋಡಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಚಳಿ ಶುರುವಾಯ್ತು ಕಣಯ್ಯ."

ಸೆಪ್ಟೆಂಬರ್ ತಿಂಗಳು. ಹೊರಗೆ ಚುರುಗುಟ್ಟುವ ಬಿಸಿಲು. ಅವನು ಕಿಟಕಿಯ ಕಡೆ ನೋಡಿ, "ಹೌದಾ?" ಎಂದ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ. ನಾನು ಕೀ ತೆಗೆದುಕೊಂಡು ಹೊರಟುಹೋದೆ.

ವೂಬರ್ನ್ ಊರಿನ ಟ್ಯಾನ್ಸಿ ಆಯಿಲ್‌ನಲ್ಲಿ ನಾನು ಎಣ್ಣೆ ಲಾರಿ ಓಡಿಸುತ್ತಿದ್ದೆ. ಮನೆ ಕಾಯಿಸುವ ಎಣ್ಣೆ. ಬೀದಿಯಲ್ಲಿ ಲಾರಿ ನಿಲ್ಲಿಸಿ, ಹಿಮದಲ್ಲಿ ಪೈಪು ಎಳೆದುಕೊಂಡು ಹೋಗಿ, ನೆಲಮಾಳಿಗೆಯ ಟ್ಯಾಂಕಿಗೆ ಸಿಕ್ಕಿಸಿದರೆ ಒಳಗಿನ ಗಾಳಿ ಸಿಳ್ಳೆ ಹಾಕುತ್ತಾ ಹೊರಬರುತ್ತದೆ. ಸಿಳ್ಳೆ ನಿಂತರೆ ಟ್ಯಾಂಕು ತುಂಬಿತು. ನನಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು. ಯಾವ ಮನೆಗೆ ಯಾವಾಗ ಹೋಗಬೇಕೆಂಬುದನ್ನು ಎವರೆಟ್‌ನ ಪ್ರೋಗ್ರಾಂ ಹೇಳುತ್ತಿತ್ತು. ಚಳಿ ಎಷ್ಟು ಬಿತ್ತು, ಯಾವ ಮನೆ ಎಷ್ಟು ಎಣ್ಣೆ ಕುಡಿಯುತ್ತದೆ, ಟ್ಯಾಂಕಿನಲ್ಲಿ ಇನ್ನೆಷ್ಟು ಉಳಿದಿರಬೇಕು ಎಂದು ಲೆಕ್ಕ ಹಾಕಿ ಬೆಳಗ್ಗೆ ನಮ್ಮ ಕೈಗೆ ವಿಳಾಸಗಳನ್ನು ಕೊಡುತ್ತಿತ್ತು. ನಮ್ಮ ಗಿರಾಕಿಗಳು ಫೋನ್ ಮಾಡಬೇಕಾಗಿರಲಿಲ್ಲ, ಟ್ಯಾಂಕು ಇಣುಕಿ ನೋಡಬೇಕಾಗಿರಲಿಲ್ಲ. ಲಾರಿಯ ಬಾಗಿಲ ಮೇಲೇ ದಪ್ಪಕ್ಷರದಲ್ಲಿ ಬರೆದಿತ್ತು: "ನಿಮ್ಮ ಟ್ಯಾಂಕು, ನಮ್ಮ ಚಿಂತೆ."

ಎವರೆಟ್ ಹುಟ್ಟಾ ಎಣ್ಣೆ ವ್ಯಾಪಾರದವನಲ್ಲ. ವಯಸ್ಸಿನಲ್ಲಿ ಕೇಂಬ್ರಿಜ್‌ನಲ್ಲಿ, ಲಿಸ್ಪ್ ಎಂಬ ಒಂದೇ ಒಂದು ಕಂಪ್ಯೂಟರ್ ಭಾಷೆಗೆಂದು ಯಂತ್ರ ಕಟ್ಟುವ ಕಂಪನಿಯಲ್ಲಿದ್ದ. ಗಡ್ಡ ಬಿಟ್ಟವರು, ಚಪ್ಪಲಿ ಹಾಕದವರು, ಊಟದ ಹೊತ್ತಿನಲ್ಲೂ ಆ ಭಾಷೆಯ ತುಂಬ ಇರುವ ಕಂಸಗಳ ಬಗ್ಗೆ ಜಗಳವಾಡುವವರು ಅಲ್ಲಿದ್ದರಂತೆ. ಕಂಪನಿ ಮುಳುಗಿತು. ಯಾರಿಗೂ ಬೇಡವಾದ ಒಂದು ಯಂತ್ರವನ್ನು ತನ್ನ ಭಾವಮೈದ, ನಮ್ಮ ಮಾಲೀಕ ಡೆಸ್ಮಂಡ್ ಟ್ಯಾನ್ಸಿಯ ಪಿಕಪ್‌ನಲ್ಲಿ ಹೇರಿಕೊಂಡು ಇಲ್ಲಿಗೆ ತಂದ. ಅದನ್ನು ಇಳಿಸುವಾಗ ನಾನೂ ಕೈ ಕೊಟ್ಟಿದ್ದೆ. ಫ್ರಿಜ್ಜಿನಷ್ಟು ದೊಡ್ಡದು.

"ಇದರಲ್ಲಿ ಬಿಯರ್ ಇಡಬಹುದಾ?" ಎಂದು ಡೆಸ್ಮಂಡ್ ಕೇಳಿದ.

"ಇಡಬಹುದು. ಕುದಿಯುತ್ತೆ," ಎಂದ ಎವರೆಟ್.

ಅವನ ಮಾತೆಲ್ಲ ಇಷ್ಟೇ ಉದ್ದ. ಮಾತಾಡುವ ಕೆಲಸ ಅವನ ಹೆಂಡತಿ ನೊರೀನಳದು. ಡೆಸ್ಮಂಡ್‌ನ ಅಕ್ಕ. ನಮ್ಮ ಆಫೀಸಿನ ಫೋನು ಎತ್ತುತ್ತಿದ್ದವಳು ಅವಳೇ. ಗಿರಾಕಿ ಬಿಲ್ ಕೇಳಲು ಫೋನ್ ಮಾಡಿದರೆ ಮಗಳ ಮದುವೆ, ಮಂಡಿ ನೋವು, ಪಕ್ಕದ ಮನೆಯ ನಾಯಿ ಎಲ್ಲ ಹೇಳಿಸಿಕೊಂಡೇ ಬಿಡುತ್ತಿದ್ದಳು. ಹಾಗಾಗಿ ಯಾವ ಮನೆ ಯಾವಾಗ ಎಷ್ಟು ಎಣ್ಣೆ ಕುಡಿಯುತ್ತದೆಂದು ಪ್ರೋಗ್ರಾಮಿಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು.

"ಮಿಸೆಸ್ ಲಾಫ್ಲಿನ್ ಮಹಡಿ ಕೋಣೆಗಳನ್ನ ಮುಚ್ಚಿದಾರೆ. ನಿನ್ನ ಪ್ರೋಗ್ರಾಮಿಗೆ ಅದು ಹೇಗೆ ಗೊತ್ತಾಗುತ್ತೆ?" ಎಂದು ಒಂದು ದಿನ ಗಂಡನನ್ನು ತಡವಿದಳು.

"ನೀನೇ ಹೇಳು ಅದಕ್ಕೆ," ಎಂದ ಎವರೆಟ್. ಹೇಗೆ ಹೇಳಬೇಕೆಂದು ಕಲಿಸಿಯೂ ಕೊಟ್ಟ. ಪ್ರತಿ ಮನೆಗೂ ಒಂದು ಚಿಕ್ಕ ಲೆಕ್ಕ. ಲಿಸ್ಪ್‌ನಲ್ಲಿ ಇಂಥ ಲೆಕ್ಕಕ್ಕೆ ಫಂಕ್ಷನ್ ಎನ್ನುತ್ತಾರೆ; ಅದಕ್ಕೆ ಹೆಸರು ಇಡಲೇಬೇಕೆಂದಿಲ್ಲ. ಲ್ಯಾಂಬ್ಡಾ ಎಂದು ಬರೆದು, ಮುಂದೆ ಲೆಕ್ಕ ಬರೆದರೆ ಆಯಿತು. ಆದರೆ ಕಂಸಕ್ಕೆ ಮುಂಚೆ, ಮೇಲುಗಡೆ ಒಂದು ಪುಟ್ಟ ಗೀಟು ಎಳೆಯಬೇಕು ಎಂದ. ಉಲ್ಲೇಖದ ಗುರುತಿನ ಅರ್ಧದಷ್ಟು ಗೀಟು.

"ಗೀಟು ಯಾಕೆ?"

"ಗೀಟು ಇದ್ರೆ ಯಂತ್ರ ಅದನ್ನ ಹಾಗೇ ಇಟ್ಕೊಳ್ಳುತ್ತೆ. ಬರೆದದ್ದು ಬರೆದ ಹಾಗೆ. ಯಾವಾಗಾದ್ರೂ ಕರೆದಾಗ ಎದ್ದು ಕೆಲಸ ಮಾಡುತ್ತೆ."

"ಅಂದ್ರೆ ನಿನ್ನ ಹಾಗೇ ಅನ್ನು. ಸೋಫಾ ಮೇಲೆ ಬಿದ್ದಿರ್ತೀಯ, ಕರೆದಾಗ ಎದ್ದು ಬರ್ತೀಯ."

ನಾವೆಲ್ಲ ನಕ್ಕೆವು. ಎವರೆಟ್ ಕಿವಿಯವರೆಗೂ ಕೆಂಪಾದ.

ನೊರೀನ್ ಬಿಡುವಿದ್ದಾಗಲೆಲ್ಲ ಒಂದೊಂದು ಮನೆಗೆ ಲೆಕ್ಕ ಬರೆಯುತ್ತಾ ಹೋದಳು. ಎಲ್ಲದರ ತಲೆಯ ಮೇಲೂ ಗೀಟು. ಲೆಕ್ಕದ ಮೊದಲ ಸಾಲಿನಲ್ಲಿ ಅದು ಯಾತಕ್ಕೆಂದು ಮಾತಿನಲ್ಲಿ ಬರೆದಿಡುವ ಪದ್ಧತಿ ಲಿಸ್ಪ್‌ನವರಿಗುಂಟು. ಬೇರೆಯವರು ಒಣಒಣ ವಿವರಣೆ ಬರೆದರೆ ಇವಳು ತನ್ನ ಬಾಯಲ್ಲಿ ಬಂದದ್ದನ್ನೇ ಬರೆದಳು. ಯಂತ್ರ ಆ ಸಾಲನ್ನು ಓಡಿಸುವುದಿಲ್ಲ, ಸುಮ್ಮನೆ ಹೊತ್ತುಕೊಂಡಿರುತ್ತದೆ. ಬೆಳಗ್ಗೆ ನಮಗೆ ವಿಳಾಸದ ಜೊತೆ ಆ ಸಾಲೂ ಪರದೆಯ ಮೇಲೆ ಕಾಣುತ್ತಿತ್ತು. "ಲಾಫ್ಲಿನ್: ಮಹಡಿ ಮುಚ್ಚಿದ್ದೇನೆ ಅನ್ನುತ್ತಾರೆ, ಸುಳ್ಳು, ಅಲ್ಲಿ ಬೆಕ್ಕುಗಳಿವೆ." "ಒಸ್ಟ್ರಾಂಡರ್: ಸೊಂಟ ಮುರಿದಿದೆ, ಹಿಮ ಎತ್ತುವುದಕ್ಕೆ ಆಗುವುದಿಲ್ಲ, ಹಿಮ ಬೀಳುವ ಮುಂಚೆ ಹೋಗಿ." ನಾನು ಒಸ್ಟ್ರಾಂಡರ್ ಮನೆಗೆ ಹೋದಾಗಲೆಲ್ಲ ಸಲಿಕೆ ತೆಗೆದುಕೊಂಡು ಹೋಗುತ್ತಿದ್ದೆ. ಹೋಗೆಂದು ಯಾರೂ ಹೇಳಿರಲಿಲ್ಲ. ಆ ಸಾಲು ಓದಿದ ಮೇಲೆ ಸುಮ್ಮನೆ ಬರಲು ಮನಸ್ಸು ಬರುತ್ತಿರಲಿಲ್ಲ.

ಆ ಸೆಪ್ಟೆಂಬರ್‌ನಲ್ಲಿ ನೊರೀನ್ ಫೋನು ಕಿವಿಗೆ ಹಿಡಿದಿದ್ದಂತೆಯೇ ಮೇಜಿನ ಮೇಲೆ ಒರಗಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಫೋನಿನ ಆ ತುದಿಯಲ್ಲಿ ಯಾರೋ, "ಹಲೋ, ನೊರೀನ್? ಇದ್ದೀಯೇನಮ್ಮ?" ಎನ್ನುತ್ತಲೇ ಇದ್ದರು. ಆ ಫೋನು ಇಟ್ಟವನು ನಾನು.

ಸಾವಿನ ಮನೆಯಲ್ಲಿ ಡೆಸ್ಮಂಡ್ ಕೂಗಿ ಅತ್ತ. ಎವರೆಟ್ ಬಾಗಿಲ ಹತ್ತಿರ ನಿಂತು ಬಂದವರ ಕೈಕುಲುಕಿ, "ಬಂದಿದ್ದಕ್ಕೆ ಥ್ಯಾಂಕ್ಸ್, ಪಾತ್ರೆ ಅಲ್ಲಿ ಇಡಿ" ಎನ್ನುತ್ತಿದ್ದ. ನೆರೆಯವರೆಲ್ಲ ಅಡುಗೆ ಮಾಡಿ ಗಾಜಿನ ಪಾತ್ರೆಗಳಲ್ಲಿ ತಂದಿಟ್ಟರು. ಮುಂದಿನ ತಿಂಗಳುಗಳಲ್ಲಿ ಅವನು ದಿನಾ ಮಧ್ಯಾಹ್ನ ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ತಿಂದ. ರುಚಿ ಹೇಗಿದೆ ಎಂದು ಕೇಳಿದರೆ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿ, "ಟ್ಯೂನಾ," ಎನ್ನುತ್ತಿದ್ದ.

ಇಷ್ಟರಲ್ಲಿ ಹಳೆಯ ಯಂತ್ರ ಕೈಕೊಡಲು ಶುರುಮಾಡಿತು. ಬಿಡಿಭಾಗ ಮಾಡುವವರು ಯಾರೂ ಉಳಿದಿರಲಿಲ್ಲ. ಡೆಸ್ಮಂಡ್ ಮೇಜಿನಡಿ ಹಿಡಿಯುವ ಹೊಸ ಕಂಪ್ಯೂಟರ್ ತಂದಿಟ್ಟ.

"ಇದರಲ್ಲೂ ಲಿಸ್ಪ್ ಇದೆಯಂತಲ್ಲ. ಗಟ್ಟಿ ಚಳಿ ಬೀಳೋದ್ರೊಳಗೆ ಎಲ್ಲಾನೂ ಇದಕ್ಕೆ ಹಾಕಿಬಿಡು. ಚಳೀಲಿ ಎಣ್ಣೆ ಇಲ್ಲದೆ ಒಂದು ಮನೆ ಬಾಯ್ಲರ್ ಆರಿಹೋದ್ರೂ ನಮ್ಮ ಕಥೆ ಮುಗೀತು ಎವರೆಟ್. ಅದರಲ್ಲೂ ನೊರೀನ್ ನೋಡ್ಕೊಂಡಿದ್ದ ಮನೆಗಳು."

"ಆಯ್ತು," ಎಂದ ಎವರೆಟ್.

ಹೊಸ ಲಿಸ್ಪ್ ಹಳೆಯದರಂತಲ್ಲ. ಹಳೆಯದರಲ್ಲಿ ಗೀಟು ಇಟ್ಟ ಲೆಕ್ಕವನ್ನು ಕರೆದರೆ ಅದು ಎದ್ದು ಆ ಹೊತ್ತಿನಲ್ಲಿ ತನ್ನ ಸುತ್ತ ಯಾವ ಮನೆ ಇದೆಯೋ ಅದನ್ನೇ ನೋಡುತ್ತಿತ್ತು. ಲಾಫ್ಲಿನ್ ಸರದಿ ಬಂದಾಗ ಲಾಫ್ಲಿನ್ ಮನೆ, ಒಸ್ಟ್ರಾಂಡರ್ ಸರದಿಯಲ್ಲಿ ಒಸ್ಟ್ರಾಂಡರ್ ಮನೆ. ಹೊಸದಕ್ಕೆ ಅದು ಒಗ್ಗದು. ಗೀಟು ಇಟ್ಟರೆ ಅದರ ಕಣ್ಣಿಗೆ ಲೆಕ್ಕವೇ ಅಲ್ಲ, ಬರೀ ಅಕ್ಷರ. ಗೀಟು ತೆಗೆದರೆ, ಬರೆದ ಜಾಗದಲ್ಲಿ ಏನಿತ್ತೋ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಲೆಕ್ಕ ಮುಚ್ಚಿದ ಡಬ್ಬಿಯಾಗುತ್ತದೆ. ಇದನ್ನೆಲ್ಲ ಎವರೆಟ್ ನನಗೆ ಆಮೇಲೆ ಹೇಳಿದ್ದು. ಆಗ ನಾನು ಕಂಡದ್ದು ಇಷ್ಟೇ: ಪರದೆಯ ತುಂಬ ಎಚ್ಚರಿಕೆಯ ಸಾಲುಗಳು ಓಡುತ್ತಿದ್ದವು. ಹೆಸರಿಲ್ಲದ ಫಂಕ್ಷನ್‌ಗೆ ಗೀಟು ಹಾಕಿದ್ದೀರಿ, ಹೆಸರಿಲ್ಲದ ಫಂಕ್ಷನ್‌ಗೆ ಗೀಟು ಹಾಕಿದ್ದೀರಿ. ಮನೆಗೊಂದು.

"ಏನಂತೆ ಅದರ ಗೋಳು?" ಎಂದು ಕೇಳಿದೆ.

"ಗೀಟು ತೆಗೀಬೇಕಂತೆ."

"ಅದು ನೊರೀನ್ ಹಾಕಿದ್ದಲ್ವಾ?"

"ನಾನು ಹೇಳಿದ್ದಕ್ಕೆ ಹಾಕಿದ್ಲು." ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಗೀಟೂ ಮಾಯ. ಒಂದು ಲೆಕ್ಕವನ್ನೂ ತೆರೆದು ಓದಲಿಲ್ಲ. ಎಚ್ಚರಿಕೆಗಳು ನಿಂತವು. ಪ್ರತಿಯೊಂದನ್ನೂ ಹುಟ್ಟಿದ ಕೂಡಲೇ ಓಡಿಸಿ ಪರೀಕ್ಷಿಸುವಂತೆ ಯಂತ್ರಕ್ಕೇ ಹೇಳಿದ್ದ. ಎಲ್ಲವೂ ತೇರ್ಗಡೆಯಾದವು.

ಮರುದಿನ ಬೆಳಗ್ಗೆ ವಿಳಾಸ ನೋಡಲು ಹೋದರೆ ನೊರೀನಳ ಸಾಲುಗಳಿರಬೇಕಾದ ಜಾಗದಲ್ಲಿ "ಫಂಕ್ಷನ್" ಎಂದಷ್ಟೇ ಇತ್ತು. ಲಾಫ್ಲಿನ್: ಫಂಕ್ಷನ್. ಒಸ್ಟ್ರಾಂಡರ್: ಫಂಕ್ಷನ್. ನನಗೆ ಮೈಯೆಲ್ಲ ಉರಿದುಹೋಯಿತು.

"ಎಲ್ಲಯ್ಯ ಅವಳ ಮಾತು?"

"ಡಬ್ಬಿ ಒಳಗೆ ಮಾತು ಇರಲ್ಲ ಕ್ಲೈಡ್. ಹಳೇ ಫೈಲಿನಲ್ಲಿದೆ. ಲೆಕ್ಕಕ್ಕೆ ಮಾತು ಬೇಕಾಗಿಲ್ಲ."

"ನಿನಗೂ ಬೇಡವಾ?"

"ಗೊತ್ತಿಲ್ಲ," ಎಂದ. "ನಂಗೆ ಏನೂ ಅನ್ನಿಸ್ತಿಲ್ಲ. ಅನ್ನಿಸಬೇಕಾಗಿತ್ತೇನೋ." ಹವಾಮಾನ ಹೇಳಿದಂತೆ ಹೇಳಿದ. ಬೈಯಬೇಕೆಂದಿದ್ದವನಿಗೆ ಬೈಯಲು ಎದುರಿಗೆ ಯಾರೂ ಇಲ್ಲದ ಹಾಗಾಯಿತು.

ಡಿಸೆಂಬರ್ ಮೆತ್ತಗೆ ಕಳೆಯಿತು. ಮಳೆ ಬಂತು, ಹಿಮ ಬರಲಿಲ್ಲ. ಕ್ರಿಸ್‌ಮಸ್‌ಗೆ ಎವರೆಟ್‌ನನ್ನು ಮನೆಗೆ ಕರೆದೆವು. ಬಂದ, ನನ್ನ ಹೆಂಡತಿ ಥೆಲ್ಮಾ ಬಡಿಸಿದ್ದನ್ನು ತಿಂದ, ತಟ್ಟೆ ತೊಳೆದಿಟ್ಟು ಹೋದ. ಜನವರಿಯಲ್ಲಿ ಕೆನಡಾ ಕಡೆಯಿಂದ ಗಾಳಿ ಇಳಿಯಿತು. ಮೂಗಿನ ಕೂದಲು ಹೆಪ್ಪುಗಟ್ಟುವಂಥ ಚಳಿ. ಇಂಥ ದಿನಗಳಲ್ಲಿ ನಮಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿರುವುದಿಲ್ಲ. ಆದರೆ ಆ ವಾರ ಮಧ್ಯಾಹ್ನಕ್ಕೇ ಕೆಲಸ ಮುಗಿದುಬಿಡುತ್ತಿತ್ತು. ಹೊಸ ಕಂಪ್ಯೂಟರ್ ಚುರುಕಾಗಿದೆ ಎಂದು ಡೆಸ್ಮಂಡ್ ಬೀಗುತ್ತಿದ್ದ. ನನಗೂ ಬೇಗ ಮನೆಗೆ ಹೋಗುವುದು ಬೇಡವಾಗಿತ್ತೇ?

ಭಾನುವಾರ ಚರ್ಚಿನಿಂದ ಬಂದ ಮೇಲೆ ಥೆಲ್ಮಾ ಒಂದು ಪಾತ್ರೆ ಬೀನ್ಸ್ ಕಟ್ಟಿಕೊಟ್ಟಳು. "ಹೋಗಿ ಅವನಿಗೆ ಕೊಟ್ಟು ಬಾ. ಬಾಗಿಲಲ್ಲೇ ಕೊಟ್ಟು ಓಡಿಬರಬೇಡ. ಕೂತ್ಕೊಂಡು ತಿನ್ನಿಸಿ ಬಾ," ಎಂದಳು.

ಎವರೆಟ್‌ನ ಮನೆಯ ಬಾಗಿಲು ತಟ್ಟಿದೆ. "ತೆಗೆದಿದೆ," ಎಂದ ಒಳಗಿನಿಂದ. ಒಳಗೆ ಹೋದೆ. ಟೋಪಿ ತೆಗೆಯಲು ಕೈ ಎತ್ತಿದವನು ಹಾಗೇ ನಿಂತೆ. ನನ್ನ ಉಸಿರು ಕಾಣುತ್ತಿತ್ತು. ಎವರೆಟ್ ಕೋಟು, ಟೋಪಿ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದ. ಮುಂದಿನ ಮೇಜಿನ ಮೇಲೆ ನೀರಿನ ಲೋಟ. ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

"ಎವರೆಟ್! ಬಾಯ್ಲರ್ ಆರಿಹೋಗಿದೆ ಕಣೋ!"

"ಹೌದಾ?"

"ಹೌದಾ ಅಂತೀಯಲ್ಲ, ಯಾವಾಗಿಂದ ಹೀಗಿದೆ?"

"ಶುಕ್ರವಾರ ಇರಬೇಕು." ಅವನ ತುಟಿ ನೀಲಿಗಟ್ಟಿತ್ತು. "ಕ್ಲೈಡ್, ನಾನು ಇನ್ನು ಮುಂದೆ ಹೀಗೇ ಇರುತ್ತೆ ಅಂದ್ಕೊಂಡೆ."

ಅವಳಿಲ್ಲದ ಮನೆ ಹೀಗೇ ಇರುತ್ತದೆ ಎಂದುಕೊಂಡು ಆ ಮನುಷ್ಯ ಆ ಚಳಿಯಲ್ಲಿ ಕೂತಿದ್ದ. ನನ್ನ ಕಣ್ಣಲ್ಲಿ ನೀರು ಬಂತು, ಅವನ ಕಣ್ಣಲ್ಲಿ ಬರಲಿಲ್ಲ. ಮಂಚದ ಮೇಲಿನ ಕಂಬಳಿಗಳನ್ನೆಲ್ಲ ಎಳೆದು ತಂದು ಅವನ ಮೇಲೆ ಹೊದಿಸಿ ನೆಲಮಾಳಿಗೆಗೆ ಇಳಿದೆ.

ಟ್ಯಾಂಕಿನ ಮೇಲೆ ಎಣ್ಣೆಯ ಮಟ್ಟ ತೋರಿಸುವ ಮುಳ್ಳು ತಳ ಕಂಡಿತ್ತು. ಕೈಯಿಂದ ಬಡಿದೆ, ಟೊಣ್ಣೆಂದಿತು. ಕಂಪನಿಯ ಅಂಗಳಕ್ಕೆ ಹೋಗಿ ಲಾರಿ ತಂದೆ. ಪೈಪು ಸಿಕ್ಕಿಸಿದೆ, ಸಿಳ್ಳೆ ಶುರುವಾಯಿತು. ಒಮ್ಮೆ ಬರಿದಾದ ಟ್ಯಾಂಕಿಗೆ ಎಣ್ಣೆ ಹಾಕಿದರಷ್ಟೇ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ. ಕೊಳವೆಯಲ್ಲಿ ಸಿಕ್ಕಿದ ಗಾಳಿ ಹೊರಗೆ ಹೋಗಬೇಕು. ಹಳೆಯ ಕಾಫಿ ಡಬ್ಬ ಹಿಡಿದು, ತಿರುಪು ಸಡಿಲಿಸಿ, ಬುಸುಬುಸು ಎನ್ನುವುದು ನಿಂತು ಎಣ್ಣೆ ನೆಟ್ಟಗೆ ಬರುವವರೆಗೆ ಮಂಡಿಯೂರಿ ಕೂತೆ. ಬೆಂಕಿ ಭಗ್ಗೆಂದಿತು. ತಿರುಗಿ ನೋಡಿದರೆ ಎವರೆಟ್ ಕಂಬಳಿ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ.

"ನಾನೂ ಗಿರಾಕಿ ಅಲ್ವಾ?" ಎಂದ.

"ಮತ್ತೆ?"

"ಹಾಗಿದ್ರೆ ಪ್ರೋಗ್ರಾಂ ನನ್ನ ಮನೆಗೆ ಲಾರಿ ಯಾಕೆ ಕಳಿಸ್ಲಿಲ್ಲ?"

ಆಗ ನನಗೂ ಹೊಳೆಯಿತು. ಮಧ್ಯಾಹ್ನಕ್ಕೇ ಮುಗಿಯುತ್ತಿದ್ದ ಕೆಲಸ! ಅವನು ಕಂಬಳಿ ಬೀಳಿಸಿ ಬಾಗಿಲ ಕಡೆ ನಡೆದ. ಸೆಪ್ಟೆಂಬರ್ ಆದ ಮೇಲೆ ಅವನು ಬೇಗ ಬೇಗ ಹೆಜ್ಜೆ ಹಾಕಿದ್ದನ್ನು ಅವತ್ತೇ ನಾನು ಕಂಡದ್ದು.

ಆಫೀಸಿನಲ್ಲಿ ಬೇಗನೇ ಸಿಕ್ಕಿತು. ಲೆಕ್ಕಗಳನ್ನು ಹೊಸ ಯಂತ್ರಕ್ಕೆ ಹಾಕುವಾಗ ಅವನು "ಮನೆ" ಎಂಬ ಒಂದೇ ಹೆಸರನ್ನು ಇಟ್ಟುಕೊಂಡಿದ್ದ. ಆ ಹೆಸರಿಗೆ ಮೊದಲ ಮನೆಯನ್ನು ಅಂಟಿಸುವುದು, ಅದರ ಲೆಕ್ಕ ಹಾಕುವುದು; ಅದನ್ನು ಕಿತ್ತು ಎರಡನೆಯ ಮನೆ ಅಂಟಿಸುವುದು, ಅದರ ಲೆಕ್ಕ ಹಾಕುವುದು. ಹೀಗೆ ಕೊನೆಯವರೆಗೆ. ಗೀಟಿಲ್ಲದ ಲೆಕ್ಕಗಳೆಲ್ಲ ಆ ಒಂದೇ ಹೆಸರನ್ನು ಮಡಿಲಲ್ಲಿ ಕಟ್ಟಿಕೊಂಡವು. ಹುಟ್ಟಿದ ಕೂಡಲೇ ಪರೀಕ್ಷಿಸಿದಾಗ ಆ ಹೆಸರಿಗೆ ಸರಿಯಾದ ಮನೆಯೇ ಅಂಟಿತ್ತು. ಎಲ್ಲ ಮುಗಿದ ಮೇಲೆ ಅಂಟಿಕೊಂಡು ಉಳಿದದ್ದು ಕೊನೆಯ ಮನೆ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕೊನೆಯವರು ಜವಾಡ್ಸ್ಕಿ ದಂಪತಿ, ಅವರ ಹೆಸರು ಝಡ್‌ನಿಂದ ಶುರು. ಅವರದು ಹೊಸದಾಗಿ ಕಟ್ಟಿದ, ಬೆಂಕಿಪೆಟ್ಟಿಗೆಯಂಥ ಬಿಗಿಯಾದ ಮನೆ, ಎಣ್ಣೆ ಮುಟ್ಟುವುದೇ ಇಲ್ಲ. ಈ ಊರಿನ ಬಿಸಿ ಸೋರುವ ಹಳೆಯ ಮನೆಗಳನ್ನೆಲ್ಲ ಪ್ರೋಗ್ರಾಂ ಜವಾಡ್ಸ್ಕಿ ಮನೆ ಎಂದುಕೊಂಡು ತಿಂಗಳುಗಟ್ಟಲೆ ನೆಮ್ಮದಿಯಾಗಿತ್ತು.

"ಲಿಸ್ಪ್ ಕಲಿಯೋ ಹುಡುಗರು ಮೊದಲ ವಾರ ಮಾಡೋ ತಪ್ಪು," ಎಂದ ಎವರೆಟ್. ದನಿಯಲ್ಲಿ ಏರಿಳಿತವಿರಲಿಲ್ಲ, ಆದರೆ ಹೇಳುತ್ತಲೇ ಡೆಸ್ಮಂಡ್‌ಗೆ ಫೋನ್ ಹಚ್ಚಿದ.

ಡೆಸ್ಮಂಡ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದ. ಚಾಲಕರನ್ನೆಲ್ಲ ಕರೆಸಿದ. ನಾವೆಲ್ಲ ನೊರೀನಳ ಮನೆಗಳಿಗೆ ಫೋನ್ ಮಾಡತೊಡಗಿದೆವು. ಬಹಳಷ್ಟು ಟ್ಯಾಂಕುಗಳಲ್ಲಿ ತಳದಲ್ಲಿ ಅಷ್ಟಿಷ್ಟು ಉಳಿದಿತ್ತು. ಒಸ್ಟ್ರಾಂಡರ್ ಅಡುಗೆಮನೆಯ ಒಲೆ ಹೊತ್ತಿಸಿಕೊಂಡು ಅದರ ಮುಂದೆ ಕೂತಿದ್ದರು. ಮಿಸೆಸ್ ಲಾಫ್ಲಿನ್ ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಬೆಳಗ್ಗೆಯಿಂದ ಬೆಕ್ಕುಗಳೆಲ್ಲ ನನ್ನ ಹಾಸಿಗೆ ಒಳಗೇ ಇವೆ! ನಿಮ್ಮ ಟ್ಯಾಂಕು ನಮ್ಮ ಚಿಂತೆ ಅಂತ ಬಾಗಿಲ ಮೇಲೆ ಬರ್ಕೊಂಡು ತಿರುಗ್ತೀರಲ್ಲ, ನಾಚಿಕೆ ಆಗಲ್ವಾ? ನೊರೀನ್ ಇದ್ದಿದ್ರೆ ಹೀಗಾಗ್ತಿತ್ತಾ?"

"ಇಲ್ಲಮ್ಮ, ಆಗ್ತಿರಲಿಲ್ಲ," ಎಂದೆ. ಕತ್ತಲಾಗುವಷ್ಟರಲ್ಲಿ ಎಲ್ಲ ಮನೆಗೂ ಎಣ್ಣೆ ಮುಟ್ಟಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಒಸ್ಟ್ರಾಂಡರ್ ಮನೆಯಲ್ಲಿ ಒಂದು ನೀರಿನ ಕೊಳವೆ ಸೀಳಿತ್ತು. ಅದನ್ನು ಡೆಸ್ಮಂಡ್ ತಾನೇ ನಿಂತು ರಿಪೇರಿ ಮಾಡಿಸಿಕೊಟ್ಟ.

ಎವರೆಟ್ ಕುರ್ಚಿ ಬಿಟ್ಟು ಏಳಲಿಲ್ಲ. ಹಳೆಯ ಯಂತ್ರದಿಂದ ಇಳಿಸಿಟ್ಟಿದ್ದ ಫೈಲು ಹಾಗೇ ಇತ್ತು. ಅದರಲ್ಲಿ ಪ್ರತಿಯೊಂದು ಲೆಕ್ಕವೂ ಗೀಟು ಹೊತ್ತುಕೊಂಡು, ಬರೆದದ್ದು ಬರೆದ ಹಾಗೆ ಮಲಗಿತ್ತು. ಅವನ್ನು ಹಾಗೇ ಹೊಸ ಯಂತ್ರಕ್ಕೆ ತಂದ. ಯಾವ ಮನೆಯ ಸರದಿಯೋ ಆ ಮನೆಯನ್ನು ಆ ಹೊತ್ತಿನಲ್ಲೇ ಕೈಗೆ ಕೊಟ್ಟು, ಬರೀ ಅಕ್ಷರವಾಗಿದ್ದುದನ್ನು ಲೆಕ್ಕವಾಗಿ ಎಬ್ಬಿಸುವ ಹಾಗೆ ಮಾಡಿದ. ಪರದೆಯ ಮೇಲೆ ಎಚ್ಚರಿಕೆಗಳು ಮತ್ತೆ ಓಡಿದವು.

ನಾನು ಲಾರಿ ನಿಲ್ಲಿಸಿ ಒಳಗೆ ಬಂದಾಗ ಡೆಸ್ಮಂಡ್ ಅವನ ಬೆನ್ನ ಹಿಂದೆ ನಿಂತಿದ್ದ. "ಮತ್ತೆ ಇಷ್ಟೊಂದು ಎಚ್ಚರಿಕೆ ಬರ್ತಿದೆಯಲ್ಲೋ?"

"ಬರಲಿ."

"ನಿಲ್ಲಿಸೋಕೆ ಆಗಲ್ವಾ?"

"ಆಗುತ್ತೆ. ನಿಲ್ಲಿಸಲ್ಲ." ಪ್ರತಿ ಎಚ್ಚರಿಕೆಯೂ ತಪ್ಪಾಯಿತೆನ್ನುವ ಲೆಕ್ಕದ ತಲೆಭಾಗವನ್ನು ತೋರಿಸುತ್ತಿತ್ತು. ಅಂದರೆ ನೊರೀನಳ ಸಾಲನ್ನು. ಈ ಬಾರಿ ಎವರೆಟ್ ಒಂದೊಂದನ್ನೂ ನಿಲ್ಲಿಸಿ ಓದುತ್ತಿದ್ದ. ಅರ್ಧ ದಾಟಿ, ಪಿ ಅಕ್ಷರದ ಹತ್ತಿರ ಬಂದಾಗ ಅವನ ಕೈ ನಿಂತಿತು. ನಾವಿಬ್ಬರೂ ಬಗ್ಗಿ ನೋಡಿದೆವು.

"ಪಾಮರ್ಲೋ: ಇದು ನಮ್ಮನೆ. ಎವರೆಟ್‌ಗೆ ಚಳಿ ಗೊತ್ತಾಗುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ನಾನು ಮನೆಯಲ್ಲಿ ಇಲ್ಲದಿದ್ದರೆ ಟ್ಯಾಂಕು ಅರ್ಧ ಇರುವಾಗಲೇ ಹೋಗಿ ತುಂಬಿಬಿಡಿ."

ಅವಳಿಗೆ ಸಾಯುವ ಯೋಚನೆ ಎಲ್ಲಿತ್ತು? ಯಾವುದೋ ಬೇಸಗೆಯಲ್ಲಿ ತಂಗಿಯ ಮನೆಗೆ ಹೊರಡುವ ಮುಂಚೆ ಬರೆದಿದ್ದಿರಬೇಕು. ಡೆಸ್ಮಂಡ್ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಎವರೆಟ್ ಆ ಸಾಲನ್ನೇ ನೋಡುತ್ತಾ ಕೂತ. ಆಮೇಲೆ ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. ಹಲ್ಲು ಕಟಕಟ ಎನ್ನತೊಡಗಿತು. ಕೋಣೆ ಬೆಚ್ಚಗಿತ್ತು, ನಾನು ಆಗಲೇ ಬೆವತಿದ್ದೆ.

"ಕ್ಲೈಡ್," ಎಂದ, "ನಂಗೆ ಚಳಿ ಆಗ್ತಿದೆ ಕಣೋ. ತುಂಬಾ ಚಳಿ ಆಗ್ತಿದೆ."

ನಾನು ಮೊಳೆಯ ಮೇಲಿದ್ದ ಅವನ ಕೋಟು ತಂದು ಹೊದಿಸಿದೆ. ಅದರ ಮೇಲೆ ನನ್ನ ಕೋಟನ್ನೂ ಹಾಕಿದೆ. ಡೆಸ್ಮಂಡ್ ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿದ.